ಪೊಟ್ಟಣದ ಬೆನ್ನನ್ನು ಓದಲು ಕಲಿಯೋಣ



ಕಳೆದ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುನ್ನ ಬಾವಿಯ ನೀರನ್ನು ಶುದ್ಧಗೊಳಿಸುವ ಕ್ರಮವನ್ನು ವಿವರಿಸಿದ್ದೆವು. ಈ ಸಲ ಅಂಗಡಿಯಿಂದ ನಮ್ಮ ಅಡುಗೆಮನೆಗೆ ಬರುವ ಪೊಟ್ಟಣಗಳ ವಿಷಯ. ಅವುಗಳ ಮೇಲೆ ಏನನ್ನು ಬರೆಯಬೇಕೆಂದು ಸರಕಾರ ನಿಯಮ ಮಾಡಿದೆ. ಹೆಚ್ಚಿನ ಕಂಪೆನಿಗಳು ಬರೆಯುತ್ತವೆ. ಆದರೆ ಓದುವವರು ಯಾರು? ಈ ಪಾಠವನ್ನು ಬರೆಯಲು ನಮಗೆ ಒಂದು ಕಾರಣವಿದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮಿಂದಲೇ ಆದ ತಪ್ಪು

2024ರ ಜುಲೈ ತಿಂಗಳಿನಲ್ಲಿ, ಜಡಿಮಳೆಯ ಒಂದು ಸಂಜೆ, ನಮ್ಮ ಧರ್ಮಕೇಂದ್ರದ ಒಂದು ಬಡ ಕುಟುಂಬದ ಮೂರು ವರ್ಷದ ಮಗುವಿಗೆ ಭೇದಿ ಹಿಡಿದಿದೆಯೆಂದು ತಿಳಿಯಿತು. ನಾವು ಪೇಟೆಯಲ್ಲಿದ್ದೆವು. ಭೇದಿಗೆ ಓ.ಆರ್.ಎಸ್. ಕೊಡಬೇಕೆಂಬುದು ನಮಗೆ ಗೊತ್ತಿತ್ತು. ಔಷಧದಂಗಡಿಗೆ ಹೋಗಿ ಕೇಳಿದಾಗ, ಹುಡುಗನೊಬ್ಬ ಬಣ್ಣದ ಕಾಗದದ ಡಬ್ಬಿಗಳನ್ನು ತೆಗೆದುಕೊಟ್ಟ. ಹೆಸರಿನಲ್ಲಿ ಆ ಮೂರು ಅಕ್ಷರಗಳು ದೊಡ್ಡದಾಗಿ ಕಾಣುತ್ತಿದ್ದವು. ಪಕ್ಕದಲ್ಲಿ ಹಣ್ಣಿನ ಚಿತ್ರ. ಕರಗಿಸುವ ಕೆಲಸವೂ ಇಲ್ಲ, ಮಗುವೂ ಇಷ್ಟಪಟ್ಟು ಕುಡಿದೀತು ಎಂದು ಆರು ಡಬ್ಬಿ ಕೊಂಡು ಆ ಮನೆಗೆ ತಲುಪಿಸಿ ಬಂದೆವು. ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ರಾತ್ರಿ ನಿದ್ದೆಯೂ ಬಂತು.

ಮರುದಿನ ಬೆಳಿಗ್ಗೆ ಪೂಜೆ ಮುಗಿಯುವಷ್ಟರಲ್ಲಿ ಕರೆ ಬಂತು. ಮಗುವಿನ ಭೇದಿ ನಿಂತಿರಲಿಲ್ಲ, ಹೆಚ್ಚಾಗಿತ್ತು. ಕಣ್ಣು ಗುಳಿಬಿದ್ದಿತ್ತು. ನಾವು ಹೋಗುವಾಗ ಆಶಾ ಕಾರ್ಯಕರ್ತೆ ಅಲ್ಲಿಗೆ ಬಂದಾಗಿತ್ತು. ಅವರು ಖಾಲಿ ಡಬ್ಬಿಯನ್ನು ತಿರುಗಿಸಿ ನಮ್ಮ ಕೈಗೆ ಕೊಟ್ಟು, "ಫಾದರ್, ಇದು ಸಕ್ಕರೆ ನೀರು. ಹಿಂದೆ ಏನು ಬರೆದಿದೆ, ನೀವೇ ಓದಿ ನೋಡಿ" ಎಂದರು. ಓದಿದೆವು. ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓ.ಆರ್.ಎಸ್. ಅಲ್ಲ ಎಂಬ ಅರ್ಥದ ಒಂದು ಸಾಲು ಸಣ್ಣ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿತ್ತು. ಅದರ ಕೆಳಗಿನ ಪಟ್ಟಿಯಲ್ಲಿ 100 ಮಿಲಿ ಲೀಟರಿಗೆ 11 ಗ್ರಾಂ ಸಕ್ಕರೆ ಎಂದಿತ್ತು.

ಮಗುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿದೆವು. ಮೂರು ದಿನ ಅಲ್ಲಿರಬೇಕಾಯಿತು. ದೇವರ ದಯೆಯಿಂದ ಗುಣವಾಯಿತು. ಈಗ ಪ್ರತಿ ಆದಿತ್ಯವಾರ ಚರ್ಚಿನ ಅಂಗಳದಲ್ಲಿ ಓಡಾಡುತ್ತಿದೆ. ಆದರೆ ಆಸ್ಪತ್ರೆಯಲ್ಲಿ ಆ ಮಗುವಿನ ಅಜ್ಜಿ ಹೇಳಿದ ಮಾತು ನಮ್ಮ ಕಿವಿಯಿಂದ ಹೋಗಿಲ್ಲ: "ಫಾದರ್ ತಂದದ್ದಲ್ಲವಾ, ಒಳ್ಳೆಯದೇ ಇರಬೇಕೆಂದು ಇಡೀ ಕುಡಿಸಿದೆ." ಆ ಅಜ್ಜಿಗೆ ಇಂಗ್ಲಿಷ್ ಓದಲು ಬಾರದು. ನಮಗೆ ಬರುತ್ತದೆ. ಸೆಮಿನರಿಯಲ್ಲಿ ದಪ್ಪ ದಪ್ಪ ಗ್ರಂಥಗಳನ್ನು ಓದಿದ ನಾವು ಒಂದು ಡಬ್ಬಿಯ ಬೆನ್ನನ್ನು ಓದಲಿಲ್ಲ.

ಆ ಡಬ್ಬಿಯಲ್ಲಿ ತಪ್ಪಾದದ್ದೇನು?

ಭೇದಿಯಿಂದ ಮಗು ಸಾಯುವುದು ದೇಹದ ನೀರು ಮತ್ತು ಲವಣಗಳು ಬರಿದಾಗುವುದರಿಂದ. ನಮ್ಮ ಸಣ್ಣ ಕರುಳು ಉಪ್ಪಿನ ಸೋಡಿಯಂ ಮತ್ತು ಗ್ಲುಕೋಸ್ ಎರಡನ್ನೂ ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿಯ ಸಮಯದಲ್ಲಿಯೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು ಮತ್ತು ಗ್ಲುಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ಅವರ ಶಿಬಿರದಲ್ಲಿ ನೂರಕ್ಕೆ 4ಕ್ಕಿಂತಲೂ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಈ ಜೀವಜಲದ ಗುಟ್ಟು ಅಳತೆಯಲ್ಲಿದೆ. ಈಗಿನ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲುಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. ನಾವು ಕೊಂಡ ಡಬ್ಬಿಯಲ್ಲಿ 100 ಮಿಲಿ ಲೀಟರಿಗೆ 11 ಗ್ರಾಂ, ಅಂದರೆ ಲೀಟರಿಗೆ 110 ಗ್ರಾಂ ಸಕ್ಕರೆ. ಗ್ಲುಕೋಸಿನ ಅಳತೆಯ ಎಂಟು ಪಟ್ಟು! ಇಷ್ಟು ಸಕ್ಕರೆ ಕರುಳಿಗೆ ಇಳಿದರೆ ಅದು ದೇಹದೊಳಗಿನ ನೀರನ್ನೇ ಕರುಳಿಗೆ ಸೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ಮದ್ದೆಂದು ಕೊಟ್ಟದ್ದು ರೋಗವನ್ನೇ ಬೆಳೆಸುತ್ತದೆ.

ಇಂತಹ ಹೆಸರಿಗೆ ಅನುಮತಿ ಇತ್ತೇ ಎಂದು ನೀವು ಕೇಳಬಹುದು. ಇತ್ತು. 2022ರ ಜುಲೈಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು, ಮೇಲೆ ಹೇಳಿದ ಎಚ್ಚರಿಕೆಯ ಸಾಲನ್ನು ಮುದ್ರಿಸಬೇಕೆಂಬ ಷರತ್ತಿನ ಮೇಲೆ, ಇಂತಹ ಹೆಸರುಗಳಿಗೆ ಅವಕಾಶ ಕೊಟ್ಟಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾಕ್ಟರ್ ಶಿವರಂಜನಿ ಸಂತೋಷ್ ಅವರು ಹಲವು ವರ್ಷ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರವು ತನ್ನ ಹಿಂದಿನ ಆದೇಶಗಳನ್ನು ಹಿಂತೆಗೆದುಕೊಂಡು, ಯಾವ ಪಾನೀಯದ ಹೆಸರಿನಲ್ಲಿಯೂ ಈ ಮೂರು ಅಕ್ಷರಗಳನ್ನು ಬಳಸಬಾರದೆಂದು ವಿಧಿಸಿತು. ಒಬ್ಬ ವೈದ್ಯೆ ಲೇಬಲನ್ನು ಗಮನವಿಟ್ಟು ಓದಿದ್ದರಿಂದ ದೇಶದ ಒಂದು ನಿಯಮವೇ ಬದಲಾಯಿತು.

ಲೇಬಲ್ ಎಂದರೇನು?

ಕ್ರಿಸ್ಮಸ್ ಸಮಯದಲ್ಲಿ ನಮ್ಮ ಮನೆಗಳಿಂದ ಕುಸ್ವಾರದ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗುತ್ತದೆ. ಮೊಟ್ಟೆ ತಿನ್ನದ ಮನೆಯಾಗಿದ್ದರೆ, "ಕೇಕಿಗೆ ಮೊಟ್ಟೆ ಹಾಕಿದೆ, ಚಕ್ಕುಲಿ ನೆವರಿಗೆ ಹಾಕಿಲ್ಲ" ಎಂದು ನಮ್ಮ ತಾಯಂದಿರು ಹೇಳಿ ಕಳುಹಿಸುತ್ತಾರೆ. ಲೇಬಲ್ ಎಂದರೆ ಇದೇ. ಅಡುಗೆ ಮಾಡಿದವರು ಉಣ್ಣುವವರಿಗೆ ಹೇಳುವ ಸತ್ಯ. ನೆರೆಯವರ ನಡುವೆ ಇದು ಬಾಯಿಮಾತಿನಲ್ಲಿ ಮುಗಿಯುತ್ತದೆ. ಆದರೆ ಸಾವಿರ ಮೈಲು ದೂರದ ಕಾರ್ಖಾನೆಯಲ್ಲಿ ಮಾಡಿದವನ ಮುಖವನ್ನು ನಾವು ಕಾಣುವುದಿಲ್ಲ. ಆದುದರಿಂದ ಆ ಸತ್ಯವನ್ನು ಬರೆದೇ ಹೇಳಬೇಕೆಂದು ಕಾನೂನು ಕೇಳುತ್ತದೆ.

ಹಿಂದೆ ಇದನ್ನು 1954ರ ಆಹಾರ ಕಲಬೆರಕೆ ತಡೆ ಕಾಯಿದೆ ನೋಡಿಕೊಳ್ಳುತ್ತಿತ್ತು. ಅದರ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂತು. ಅದರ ಅಡಿಯಲ್ಲಿ ಸ್ಥಾಪನೆಯಾದ ಪ್ರಾಧಿಕಾರವು 2011ರಲ್ಲಿ ಮೊದಲ ಲೇಬಲ್ ನಿಯಮಗಳನ್ನೂ, 2020ರಲ್ಲಿ ಅವುಗಳಿಗೆ ಬದಲಾಗಿ ಹೊಸ ನಿಯಮಗಳನ್ನೂ ಹೊರಡಿಸಿತು. ತೂಕ, ಬೆಲೆಗಳ ವಿಷಯವನ್ನು ತೂಕ ಮತ್ತು ಅಳತೆ ಇಲಾಖೆಯ ನಿಯಮಗಳು ನೋಡಿಕೊಳ್ಳುತ್ತವೆ.

ಪೊಟ್ಟಣದ ಎದುರುಭಾಗ ಮಾರುವವನದು. ಅಲ್ಲಿ ಅವನು ತನ್ನ ಸರಕನ್ನು ಹೊಗಳಿಕೊಳ್ಳುತ್ತಾನೆ. ಬೆನ್ನಿನ ಭಾಗ ಕೊಳ್ಳುವವರದು. ಅಲ್ಲಿ ಕಾನೂನು ಅವನಿಂದ ಸತ್ಯ ಹೇಳಿಸುತ್ತದೆ. ನಾವು ಹೆಚ್ಚಿನವರು ಎದುರುಭಾಗ ನೋಡಿ ಹಣ ಕೊಡುತ್ತೇವೆ. ಇನ್ನು ಬೆನ್ನನ್ನು ಓದುವ ಕ್ರಮವನ್ನು ಒಂದೊಂದಾಗಿ ನೋಡೋಣ.

1. ನಿಜವಾದ ಹೆಸರು

ದೊಡ್ಡ ಅಕ್ಷರದ ವ್ಯಾಪಾರದ ಹೆಸರಲ್ಲದೆ, ಪದಾರ್ಥ ಏನು ಎಂಬ ಹೆಸರನ್ನೂ ಬರೆಯಬೇಕು. "ಹಣ್ಣಿನ ಪಾನೀಯ" ಎಂದಿದ್ದರೆ ಅದು ಹಣ್ಣಿನ ರಸವಲ್ಲ. ರಸ ಸೇರಿಸಿದ ಸಿಹಿ ನೀರು. ನಮ್ಮ ಊರಿಗೆ ಮುಖ್ಯವಾದ ಇನ್ನೊಂದು ಉದಾಹರಣೆ ತೆಂಗಿನೆಣ್ಣೆ. 2025ರಲ್ಲಿ ಅದರ ಬೆಲೆ ವಿಪರೀತ ಏರಿತು. ಬೆಲೆ ಏರಿದಾಗಲೆಲ್ಲ ಅಗ್ಗದ ಎಣ್ಣೆ ಬೆರೆಸುವ ಆಸೆಯೂ ಏರುತ್ತದೆ. ಎರಡು ಎಣ್ಣೆಗಳನ್ನು ಬೆರೆಸಿ ಮಾರುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಆದರೆ ಆಗ "ಬ್ಲೆಂಡೆಡ್", ಅಂದರೆ ಬೆರೆಸಿದ ಎಣ್ಣೆ ಎಂದೂ, ಯಾವ ಎಣ್ಣೆ ನೂರಕ್ಕೆ ಎಷ್ಟು ಎಂದೂ ಬರೆಯಲೇಬೇಕು. ಅದನ್ನು ಬಿಡಿಯಾಗಿ ಅಳೆದು ಮಾರುವಂತಿಲ್ಲ. ತೆಂಗಿನ ಮರದ ಚಿತ್ರ ನೋಡಿ ಮೋಸ ಹೋಗಬೇಡಿ. ಹೆಸರಿನ ಸಾಲನ್ನು ಓದಿ.

2. ಸೇರಿಸಿದ ಪದಾರ್ಥಗಳ ಪಟ್ಟಿ

ಇದು ಲೇಬಲಿನ ಜೀವಾಳ. ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಎಂಬ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಎದುರುಭಾಗದಲ್ಲಿ ರಾಗಿಯ ತೆನೆ ಚಿತ್ರಿಸಿದ ಬಿಸ್ಕತ್ತಿನ ಹಿಂದೆ ಮೈದಾ ಮೊದಲು, ಸಕ್ಕರೆ ಎರಡನೆಯದು, ತಾಳೆಎಣ್ಣೆ ಮೂರನೆಯದು, ರಾಗಿ ಎಲ್ಲೋ ಆರನೆಯದು ಆಗಿದ್ದರೆ, ಅದು ರಾಗಿಯ ಬಿಸ್ಕತ್ತೋ ಮೈದಾದ ಬಿಸ್ಕತ್ತೋ ಎಂದು ಮಗುವೂ ಹೇಳಬಲ್ಲದು.

ಸಕ್ಕರೆಗೆ ಹಲವು ವೇಷಗಳಿವೆ. ಗ್ಲುಕೋಸ್ ಸಿರಪ್, ಫ್ರಕ್ಟೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಜೇನು, ಬೆಲ್ಲ ಇವೆಲ್ಲವೂ ಸಕ್ಕರೆಯ ಬಳಗ. ಪಟ್ಟಿಯಲ್ಲಿ ಬೇರೆ ಬೇರೆ ಜಾಗದಲ್ಲಿ ಕುಳಿತಾಗ ಒಂದೊಂದೂ ಕಡಿಮೆಯೆಂದು ಕಾಣುತ್ತದೆ. ಕೂಡಿಸಿದರೆ ಸಕ್ಕರೆಯೇ ಮುಂದಿದ್ದೀತು.

ಪಟ್ಟಿಯಲ್ಲಿ ಕೆಲವು ಸಂಖ್ಯೆಗಳಿರುತ್ತವೆ. ಇವು ಬಣ್ಣ, ಸಂರಕ್ಷಕ ಮೊದಲಾದವುಗಳ ಅಂತರರಾಷ್ಟ್ರೀಯ ಸಂಖ್ಯೆಗಳು. ಸಂಖ್ಯೆ ಕಂಡ ಕೂಡಲೇ ವಿಷವೆಂದು ಹೆದರಬೇಕಾಗಿಲ್ಲ. ಸಿ ವಿಟಮಿನ್ನಿಗೂ 300 ಎಂಬ ಸಂಖ್ಯೆಯಿದೆ. ಅರಸಿನದ ಬಣ್ಣಕ್ಕೂ 100 ಎಂಬ ಸಂಖ್ಯೆಯಿದೆ. ಆದರೆ ಇಂತಹ ಸಂಖ್ಯೆಗಳು ಸಾಲುಸಾಲಾಗಿ ಇದ್ದರೆ ಅದು ದಿನನಿತ್ಯ ತಿನ್ನುವ ಆಹಾರವಲ್ಲವೆಂದು ತಿಳಿಯಿರಿ.

3. ಪೋಷಕಾಂಶಗಳ ಪಟ್ಟಿ

ಸಂಸ್ಕರಿಸಿದ ಹೆಚ್ಚಿನ ಆಹಾರಗಳ ಮೇಲೆ ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಒಟ್ಟು ಸಕ್ಕರೆ, ಹೊರಗಿನಿಂದ ಸೇರಿಸಿದ ಸಕ್ಕರೆ, ಒಟ್ಟು ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಸೋಡಿಯಂ ಇವುಗಳ ಲೆಕ್ಕ ಇರಬೇಕು. ಒಬ್ಬ ವಯಸ್ಕನ ಒಂದು ದಿನಕ್ಕೆ ನಿಯಮವು ಇಟ್ಟುಕೊಂಡಿರುವ ಅಳತೆ ಹೀಗಿದೆ: ಶಕ್ತಿ 2000 ಕಿಲೊ ಕ್ಯಾಲೊರಿ, ಒಟ್ಟು ಕೊಬ್ಬು 67 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ, ಟ್ರಾನ್ಸ್ ಕೊಬ್ಬು 2 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿ ಗ್ರಾಂ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿರಿ.

ಲೆಕ್ಕ ಮಾಡುವ ಕ್ರಮ ಸುಲಭ. ಒಂದು ಬಿಸ್ಕತ್ತಿನ ಹಿಂದೆ 100 ಗ್ರಾಂಗೆ ಸೇರಿಸಿದ ಸಕ್ಕರೆ 24 ಗ್ರಾಂ ಎಂದಿದೆ ಎಂದು ಇಟ್ಟುಕೊಳ್ಳೋಣ. ಪೊಟ್ಟಣ 75 ಗ್ರಾಂನದು. ಶಾಲೆಯಿಂದ ಬಂದ ಮಗು ಪೂರ್ತಿ ತಿಂದರೆ 18 ಗ್ರಾಂ ಸಕ್ಕರೆ, ಅಂದರೆ ಸುಮಾರು ನಾಲ್ಕು ಚಮಚ, ಒಳಗೆ ಹೋಯಿತು. ಮೇಲಿನಿಂದ ಸಿಹಿ ಚಹಾ ಬೇರೆ. ಇಲ್ಲಿ ಒಂದು ಎಚ್ಚರಿಕೆ. ಕೆಲವು ಪೊಟ್ಟಣಗಳಲ್ಲಿ "ಒಂದು ಸಲಕ್ಕೆ ಇಷ್ಟು" ಎಂದು ಎರಡೋ ಮೂರೋ ಬಿಸ್ಕತ್ತಿನ ಲೆಕ್ಕ ಕೊಟ್ಟು, ನೂರಕ್ಕೆ ಇಷ್ಟೇ ಅಂಶ ಎಂದು ತೋರಿಸುತ್ತಾರೆ. ಅಂಕಿ ಸುಳ್ಳಲ್ಲ; ಆದರೆ ಎರಡು ಬಿಸ್ಕತ್ತಿಗೆ ಕೈ ನಿಲ್ಲಿಸುವ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ?

ರಕ್ತದೊತ್ತಡ ಇರುವವರು ಸೋಡಿಯಂ ಸಾಲನ್ನು ನೋಡಬೇಕು. ಸೋಡಿಯಂನ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಅಳತೆ ಸಿಗುತ್ತದೆ. 800 ಮಿಲಿ ಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ದಿನದ 2000 ಮಿಲಿ ಗ್ರಾಂ ಎಂದರೆ 5 ಗ್ರಾಂ ಉಪ್ಪು, ಒಂದು ಸಣ್ಣ ಚಮಚ ಮಾತ್ರ. ನಮ್ಮ ಕುಚ್ಚಲಕ್ಕಿ ಗಂಜಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇದ್ದೇ ಇರುತ್ತವೆ. ಅದರ ಮೇಲೆ ಬೇಕರಿಯ ಮಿಕ್ಸ್ಚರ್ ಬಂದರೆ ಲೆಕ್ಕ ಎಲ್ಲಿಗೆ ಹೋದೀತು?

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು. "ಸಕ್ಕರೆ ಸೇರಿಸಿಲ್ಲ" ಎಂದ ಮಾತ್ರಕ್ಕೆ ಅದು ನಿರಪಾಯವಲ್ಲ. ಮೈದಾ, ಅಕ್ಕಿಹಿಟ್ಟು, ಮಾಲ್ಟೋಡೆಕ್ಸ್‌ಟ್ರಿನ್ ಇವು ಸಕ್ಕರೆಯೆಂಬ ಹೆಸರಿಲ್ಲದೆಯೇ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಆದುದರಿಂದ ಸಕ್ಕರೆಯ ಸಾಲಿನೊಂದಿಗೆ ಕಾರ್ಬೋಹೈಡ್ರೇಟಿನ ಸಾಲನ್ನೂ ನೋಡಿರಿ.

ಟ್ರಾನ್ಸ್ ಕೊಬ್ಬು ಹೃದಯಕ್ಕೆ ಅತ್ಯಂತ ಕೆಟ್ಟದ್ದು. ಎಣ್ಣೆ, ವನಸ್ಪತಿಗಳಲ್ಲಿ ಇದು 2021ರಿಂದ ನೂರಕ್ಕೆ 3, 2022ರ ಜನವರಿಯಿಂದ ನೂರಕ್ಕೆ 2ನ್ನು ಮೀರಬಾರದೆಂದು ನಿಯಮ ಬಿಗಿಯಾಯಿತು. ಸರಕಾರ ಮಾಡಿದ ಒಳ್ಳೆಯ ಕೆಲಸವನ್ನು ಒಳ್ಳೆಯದೆಂದೇ ಹೇಳಬೇಕು.

4. ಗುರುತುಗಳು, ದಿನಾಂಕ, ಎಚ್ಚರಿಕೆ

ಹಸಿರು ಚೌಕದೊಳಗೆ ಹಸಿರು ವೃತ್ತ ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಮೊಟ್ಟೆ, ಮೀನು ಸೇರಿದರೂ ಇದೇ ಗುರುತು. ಹಿಂದೆ ಎರಡಕ್ಕೂ ವೃತ್ತವೇ ಇತ್ತು. ಬಣ್ಣ ಗುರುತಿಸಲಾಗದವರಿಗೆ ಕಷ್ಟವಾಗುತ್ತಿತ್ತು. 2020ರ ನಿಯಮದಲ್ಲಿ ತ್ರಿಕೋನ ಬಂತು. ತಪಸ್ಸುಕಾಲದ ಶುಕ್ರವಾರ ನಮಗೂ, ವರ್ಷವಿಡೀ ನಮ್ಮ ನೆರೆಯವರಿಗೂ ಇದು ಉಪಯುಕ್ತ.

"ಎಕ್ಸ್‌ಪೈರಿ" ಅಥವಾ "ಯೂಸ್ ಬೈ" ದಿನಾಂಕ ದಾಟಿದ ಮೇಲೆ ಮಾರುವಂತಿಲ್ಲ, ತಿನ್ನಲೂಬಾರದು. "ಬೆಸ್ಟ್ ಬಿಫೋರ್" ಎಂದರೆ ಆ ದಿನದವರೆಗೆ ರುಚಿ ಮತ್ತು ಗುಣ ಪೂರ್ಣವಾಗಿರುತ್ತದೆ ಎಂದರ್ಥ. ಕೊಡುಗೆಯೆಂದು ಕಡಿಮೆ ಬೆಲೆಗೆ ಕೊಡುವಾಗ ದಿನಾಂಕವನ್ನು ಮೊದಲು ನೋಡಿರಿ.

ನೆಲಗಡಲೆ, ಹಾಲು, ಮೊಟ್ಟೆ, ಮೀನು, ಸಿಗಡಿ, ಸೋಯಾ, ಗೋಧಿಯ ಗ್ಲುಟೆನ್, ಗೇರುಬೀಜದಂತಹ ಬೀಜಗಳು ಇದ್ದರೆ "ಕಂಟೇನ್ಸ್", ಅಂದರೆ "ಒಳಗೊಂಡಿದೆ" ಎಂದು ಪ್ರತ್ಯೇಕವಾಗಿ ಬರೆಯಬೇಕು. ಅಲರ್ಜಿ ಇರುವವರಿಗೆ ಈ ಒಂದು ಸಾಲು ಪ್ರಾಣ ಉಳಿಸಬಲ್ಲದು.

ಪ್ರಾಧಿಕಾರದ ಮುದ್ರೆಯೂ ಅದರೊಂದಿಗೆ 14 ಅಂಕಿಗಳ ಸಂಖ್ಯೆಯೂ ಇರಬೇಕು. ಆದರೆ ಇದು ಆಹಾರದ ಗುರುತು, ಔಷಧದ್ದಲ್ಲ. ಓ.ಆರ್.ಎಸ್. ಒಂದು ಔಷಧ. ಆದುದರಿಂದ ಭೇದಿಗೆಂದು ಕೊಟ್ಟ ಪೊಟ್ಟಣದ ಮೇಲೆ ಆಹಾರದ 14 ಅಂಕಿಗಳ ಸಂಖ್ಯೆ ಇದ್ದರೆ ಅದು ಪಾನೀಯವೆಂದು ತಿಳಿದು ಹಿಂದಿರುಗಿಸಿರಿ. ಅಂದು ನಮಗೆ ಇಷ್ಟು ತಿಳಿದಿದ್ದರೆ ಸಾಕಿತ್ತು.

5. ಎದುರುಭಾಗದ ದೊಡ್ಡ ಮಾತುಗಳು

"ಆರೋಗ್ಯ ಪಾನೀಯ" ಎಂಬ ಒಂದು ವರ್ಗವೇ ನಮ್ಮ ಆಹಾರ ಕಾನೂನಿನಲ್ಲಿಲ್ಲ. 2024ರ ಏಪ್ರಿಲಿನಲ್ಲಿ ಕೇಂದ್ರ ಸರಕಾರವು ಆನ್‌ಲೈನ್ ಅಂಗಡಿಗಳಿಗೆ, ಹಾಲಿಗೆ ಬೆರೆಸುವ ಪುಡಿಗಳೇ ಮೊದಲಾದವುಗಳನ್ನು ಆ ಹೆಸರಿನ ಅಡಿಯಿಂದ ತೆಗೆಯುವಂತೆ ಸೂಚಿಸಿತು. ಅದೇ ವರ್ಷದ ಜೂನಿನಲ್ಲಿ, ಸಾಂದ್ರ ರಸಕ್ಕೆ ನೀರು ಬೆರೆಸಿ ಮಾಡಿದ ಪಾನೀಯಗಳ ಮೇಲೆ "ನೂರಕ್ಕೆ ನೂರು ಹಣ್ಣಿನ ರಸ" ಎಂದು ಬರೆಯಬಾರದೆಂದು ಪ್ರಾಧಿಕಾರ ಆದೇಶಿಸಿತು. ಸೂರ್ಯಕಾಂತಿ ಎಣ್ಣೆಯ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಎಂದು ಬರೆದರೆ ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಸಸ್ಯದ ಯಾವ ಎಣ್ಣೆಯಲ್ಲಿಯೂ ಅದು ಇರುವುದಿಲ್ಲ. ತಪ್ಪು ಲೇಬಲಿಗೆ 3 ಲಕ್ಷದವರೆಗೂ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡ ವಿಧಿಸಲು 2006ರ ಕಾಯಿದೆಯಲ್ಲಿ ಅವಕಾಶವಿದೆ.

ಭಾಷೆಯ ಕಷ್ಟ

ಈ ಎಲ್ಲ ಸತ್ಯವನ್ನೂ ಯಾವ ಭಾಷೆಯಲ್ಲಿ ಬರೆಯಬೇಕು? ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿ ಎಂದು ನಿಯಮ ಹೇಳುತ್ತದೆ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ನಮ್ಮ ಕಾಸರಗೋಡಿನ ಸ್ಥಿತಿ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಕೊಂಕಣಿಯೋ ತುಳುವೋ, ಶಾಲೆಯಲ್ಲಿ ಮತ್ತು ಚರ್ಚಿನಲ್ಲಿ ಕಲಿತ ಅಕ್ಷರ ಕನ್ನಡ, ಕಚೇರಿಯ ಕಾಗದ ಮಲಯಾಳ. ಈಗ ಪೊಟ್ಟಣದ ಬೆನ್ನು ಇಂಗ್ಲಿಷ್. ಎದುರುಭಾಗದ ಚಿತ್ರಕ್ಕೆ ಭಾಷೆ ಬೇಡ, ಎಲ್ಲರಿಗೂ ಅರ್ಥವಾಗುತ್ತದೆ. ಹಿಂಭಾಗದ ಎಚ್ಚರಿಕೆ ಮಾತ್ರ ಕಲಿತವರಿಗೆ. ಹೀಗಾಗಿ ಯಾರಿಗೆ ಅದರ ಅಗತ್ಯ ಹೆಚ್ಚೋ ಅವರಿಗೇ ಅದು ತಲುಪುವುದಿಲ್ಲ. ಆ ಅಜ್ಜಿಯ ತಪ್ಪು ಇದರಲ್ಲಿ ಏನೂ ಇಲ್ಲ.

ನಿಯಮ ಬದಲಾಗುವವರೆಗೆ ನಾವು ಕಾಯಬೇಕಾಗಿಲ್ಲ. ಪ್ರತಿಯೊಂದು ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲ ಒಂದು ಮಗುವಾದರೂ ಇದೆ. ಅಜ್ಜಿಗೆ ಅನುಭವವಿದೆ, ಮೊಮ್ಮಗಳಿಗೆ ಅಕ್ಷರವಿದೆ. ಇಬ್ಬರೂ ಕೂಡಿ ಕುಳಿತರೆ ಲೇಬಲ್ ಕನ್ನಡವಾಗುತ್ತದೆ. ಶುಗರ್ ಎಂದರೆ ಸಕ್ಕರೆ, ಸೋಡಿಯಂ ಎಂದರೆ ಉಪ್ಪಿನ ಅಂಶ, ಫ್ಯಾಟ್ ಎಂದರೆ ಕೊಬ್ಬು, ವೀಟ್ ಎಂದರೆ ಗೋಧಿ, ಪಾಮ್ ಎಂದರೆ ತಾಳೆ. ಇಷ್ಟು ಪದಗಳನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿಯಿತು.

ನಾವು ಮಾರುವವರಾದಾಗ

ನಮ್ಮ ಸ್ತ್ರೀ ಸಂಘಟನೆಯವರೂ ಕುಡುಂಬಶ್ರೀ ಗುಂಪುಗಳ ಸದಸ್ಯೆಯರೂ ಹಲಸಿನ ಹಪ್ಪಳ, ಮಾವಿನ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್ ಮಾಡಿ ಮಾರುತ್ತಾರೆ. ಇದು ಹೆಮ್ಮೆಯ ವಿಷಯ. ಆದರೆ ಬೇರೆಯವರಿಂದ ಕೇಳುವ ಸತ್ಯವನ್ನು ನಾವೂ ಹೇಳಬೇಕು. ಸಣ್ಣ ತಯಾರಕರಿಗೆ ಲೈಸನ್ಸಿನ ಬದಲು ಸರಳವಾದ ನೋಂದಣಿ ಸಾಕೆಂದು ಕಾಯಿದೆ ಹೇಳುತ್ತದೆ, ಅದನ್ನು ಮಾಡಿಸಿಕೊಳ್ಳಿ. ಪೊಟ್ಟಣದ ಮೇಲೆ ಪದಾರ್ಥದ ಹೆಸರು, ಸೇರಿಸಿದ ವಸ್ತುಗಳು, ತೂಕ, ಬೆಲೆ, ಮಾಡಿದ ದಿನ, ಯಾವಾಗಿನವರೆಗೆ ಬಳಸಬಹುದು, ಮಾಡಿದವರ ವಿಳಾಸ, ನೋಂದಣಿ ಸಂಖ್ಯೆ ಇವು ಸ್ಪಷ್ಟವಾಗಿರಲಿ. ಕಾನೂನು ಕೇಳದಿದ್ದರೂ ಕನ್ನಡ ಮತ್ತು ಮಲಯಾಳದಲ್ಲಿಯೂ ಬರೆಯಿರಿ. ಚಿಪ್ಸನ್ನು ತಾಳೆಎಣ್ಣೆಯಲ್ಲಿ ಕರಿದು ತೆಂಗಿನೆಣ್ಣೆ ಎಂದು ಬರೆಯಬಾರದು. ಕಳ್ಳ ತಕ್ಕಡಿಯನ್ನು ದೇವರು ಸಹಿಸುವುದಿಲ್ಲವೆಂದು ಪವಿತ್ರ ಗ್ರಂಥ ಎಚ್ಚರಿಸುತ್ತದೆ. ಸುಳ್ಳು ಲೇಬಲ್ ಈ ಕಾಲದ ಕಳ್ಳ ತಕ್ಕಡಿ.

ದೂರು ಕೊಡುವುದು ಹೇಗೆ?

ಪೊಟ್ಟಣವನ್ನೂ ಬಿಲ್ಲನ್ನೂ ಎಸೆಯದೆ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆಹಾರ ಸುರಕ್ಷಾ ಅಧಿಕಾರಿಗಳಿಗೂ ಬರೆದು ಕೊಡಬಹುದು. ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸುವ ಹಕ್ಕೂ ಕೊಳ್ಳುವವರಿಗಿದೆ. ಅಂಗಡಿಯವರೊಡನೆ ಜಗಳ ಬೇಡ. ಹೆಚ್ಚಿನ ಸಲ ಅವರೂ ಓದಿರುವುದಿಲ್ಲ. ನಮಗೆ ಡಬ್ಬಿ ಕೊಟ್ಟ ಹುಡುಗನಿಗೆ ನಾವು ಮರುವಾರ ಹೋಗಿ ತೋರಿಸಿದೆವು. ಅವನೂ ಆ ಸಾಲನ್ನು ಅಂದೇ ಮೊದಲು ಓದಿದ್ದು.

ಮನೆಯಲ್ಲಿ ನೆನಪಿಡಬೇಕಾದದ್ದು

ಭೇದಿಯಾದ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓ.ಆರ್.ಎಸ್. ಪುಡಿಯನ್ನೇ ಕೊಡಿ. ಪೊಟ್ಟಣದಲ್ಲಿ ಹೇಳಿದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ. ಕಡಿಮೆ ನೀರು ಹಾಕಬಾರದು. ಒಮ್ಮೆ ಕರಗಿಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಕೊಡಬಹುದು. ಉಪ್ಪು ಬೆರೆಸಿದ ಗಂಜಿತಿಳಿಯೂ ಒಳ್ಳೆಯದು. ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ, ಕುಡಿಯಲಾರದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ವಾರ್ಡಿನ ಕೂಟದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ವಾರಕ್ಕೆ ಎಷ್ಟು ಪೊಟ್ಟಣದ ತಿಂಡಿ ಬರುತ್ತದೆ? ಯಾರಿಗಾಗಿ?
2. ಅವುಗಳಲ್ಲಿ ಯಾವುದಾದರೂ ಒಂದರ ಪಟ್ಟಿಯಲ್ಲಿ ಮೊದಲ ಮೂರು ಪದಾರ್ಥಗಳು ಯಾವುವು?
3. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ನಾವು ಕಾಣಿಕೆಯಾಗಿ ಕೊಂಡೊಯ್ಯುವ ತಿಂಡಿ ಯಾವುದು?
4. ನಮ್ಮ ವಾರ್ಡಿನಲ್ಲಿ ಲೇಬಲ್ ಓದಿ ಹೇಳಲು ಯಾರೂ ಇಲ್ಲದ ಮನೆಗಳು ಎಷ್ಟಿವೆ? ಆ ಮನೆಗಳಿಗೆ ಯಾರು ಹೋಗುವರು?

ಬರುವ ಆದಿತ್ಯವಾರ ಧರ್ಮೋಪದೇಶ ತರಗತಿಯ ಮಕ್ಕಳು ತಮ್ಮ ಮನೆಯ ಒಂದೊಂದು ಖಾಲಿ ಪೊಟ್ಟಣವನ್ನು ತರಬೇಕೆಂದು ಕೇಳಿಕೊಳ್ಳುತ್ತೇವೆ. ಪೂಜೆಯ ನಂತರ ಜೊತೆಯಾಗಿ ಓದೋಣ. ನಾವೂ ಒಂದನ್ನು ತರುತ್ತೇವೆ. 2024ರ ಆ ಡಬ್ಬಿಯನ್ನು ನಾವು ಇನ್ನೂ ಎಸೆದಿಲ್ಲ. ನಮ್ಮ ಮೇಜಿನ ಮೇಲೆ, ಪ್ರಾರ್ಥನೆಯ ಪುಸ್ತಕದ ಪಕ್ಕದಲ್ಲಿ, ಬೆನ್ನು ಮೇಲಾಗಿ ಇಟ್ಟಿದ್ದೇವೆ.

ನಿಮ್ಮ ಮನೆಯ ಊಟದ ಮೇಜನ್ನು ಪ್ರಭು ಆಶೀರ್ವದಿಸಲಿ.